ಟರ್ನ್‌ನಲ್ಲಿ ಬೆಟ್ ಕಟ್ಟಬೇಕೇ, ಚೆಕ್ ಮಾಡಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ನೋ-ಲಿಮಿಟ್ ಟೆಕ್ಸಾಸ್ ಹೋಲ್ಡೆಮ್ ಪೋಕರ್‌ಗೆ ಸಂಬಂಧಿಸಿದ್ದು. ಆಟದ ನಿಯಮ ಚೆನ್ನಾಗಿ ಗೊತ್ತಿದ್ದೂ ನಾಲ್ಕನೆಯ ಎಲೆ ಬಿದ್ದ ಕೂಡಲೇ ತಡವರಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಮೇಜಿನ ಮೇಲೆ ಎಲ್ಲರಿಗೂ ಸೇರಿ ಮೊದಲು ಬೀಳುವ ಮೂರು ಎಲೆ ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್; ನಡುವೆ ಕೂಡಿದ ಚಿಪ್‌ಗಳ ರಾಶಿ ಪಾಟ್. ಚೆಕ್ ಎಂದರೆ ಏನೂ ಕಟ್ಟದೆ ಸರದಿ ಬಿಡುವುದು, ಕಾಲ್ ಎಂದರೆ ಎದುರಾಳಿಯ ಬೆಟ್‌ಗೆ ಸಮ ಹಾಕುವುದು, ರೈಸ್ ಎಂದರೆ ಅದನ್ನು ಏರಿಸುವುದು, ಫೋಲ್ಡ್ ಎಂದರೆ ಕೈ ಬಿಡುವುದು. ಲೆಕ್ಕಗಳಲ್ಲಿ ಬರುವ 100, 70 ಮುಂತಾದವು ಚಿಪ್‌ಗಳ ಸಂಖ್ಯೆ. ಬೇರೆ ರೀತಿ ಹೇಳದ ಕಡೆ ಆಟದಲ್ಲಿ ಉಳಿದವರು ಇಬ್ಬರೇ ಎಂದುಕೊಳ್ಳಿ.

## ಬುನಾದಿ

ಟರ್ನ್ ಬಿದ್ದ ಮೇಲೆ ಆಟ ಬಿಗಿಯಾಗುತ್ತದೆ ಎನ್ನುತ್ತಾರಲ್ಲ, ಒಂದು ಎಲೆಯಿಂದ ಅಂಥದ್ದೇನಾಗುತ್ತದೆ?

ಎರಡು ಸಂಗತಿಗಳು ಒಟ್ಟಿಗೆ ಬದಲಾಗುತ್ತವೆ. ಮೊದಲನೆಯದು ಬೆಲೆ. ಫ್ಲಾಪ್‌ನಲ್ಲಿ 100 ಇದ್ದ ಪಾಟ್‌ಗೆ ನೀವು 50 ಕಟ್ಟಿ ಎದುರಾಳಿ ಕಾಲ್ ಮಾಡಿದರೆ ಟರ್ನ್‌ಗೆ ಪಾಟ್ 200 ಆಗಿರುತ್ತದೆ. ಅದೇ ಅರ್ಧ ಪಾಟ್ ಬೆಟ್ ಈಗ 100. ಲಿಮಿಟ್ ಹೋಲ್ಡೆಮ್‌ನಲ್ಲಿ ಟರ್ನ್‌ನಿಂದ ಬೆಟ್ ಇಮ್ಮಡಿಯಾಗಬೇಕೆಂಬುದು ನಿಯಮ. ನೋ-ಲಿಮಿಟ್‌ನಲ್ಲಿ ಆ ಕೆಲಸವನ್ನು ಪಾಟ್ ತಾನಾಗಿಯೇ ಮಾಡುತ್ತದೆ.

ಎರಡನೆಯದು ಡ್ರಾಗಳ, ಅಂದರೆ ಫ್ಲಷ್ (ಒಂದೇ ಜಾತಿಯ ಐದು ಎಲೆ) ಅಥವಾ ಸ್ಟ್ರೈಟ್ (ಸಾಲಾಗಿ ಐದು ಎಲೆ) ಆಗಲು ಇನ್ನೊಂದೇ ಎಲೆ ಬೇಕಾದ ಕೈಗಳ ಬಲ. ಫ್ಲಾಪ್‌ನಲ್ಲಿ ಫ್ಲಷ್ ಡ್ರಾ ಹಿಡಿದವನಿಗೆ ಇನ್ನೂ ಎರಡು ಎಲೆಗಳ ಅವಕಾಶವಿದ್ದು, ಫ್ಲಷ್ ಕೂಡುವ ಸಾಧ್ಯತೆ ಸುಮಾರು ಶೇ. 35. ಟರ್ನ್‌ನಲ್ಲಿ ಅದು ಕೂಡದೇ ಹೋದರೆ ಕಾಣದ 46 ಎಲೆಗಳಲ್ಲಿ 9 ಮಾತ್ರ ಅವನ ಪಾಲಿಗೆ: ಶೇ. 19.6. ಎರಡೂ ಕಡೆ ತೆರೆದ ಸ್ಟ್ರೈಟ್ ಡ್ರಾಗೆ 8 ಎಲೆ, ಶೇ. 17.4. ನಡುವೆ ಒಂದೇ ಎಲೆ ಬೇಕಾದ ಸ್ಟ್ರೈಟ್‌ಗೆ 4 ಎಲೆ, ಶೇ. 8.7. ಬೆಲೆ ಇಮ್ಮಡಿ, ಆಸೆ ಅರ್ಧ. ಹೀಗಾಗಿ ಟರ್ನ್‌ನಲ್ಲಿ ಕಟ್ಟಿದ ಬೆಟ್‌ಗೆ ಫ್ಲಾಪ್‌ನ ಬೆಟ್‌ಗಿಂತ ಹೆಚ್ಚು ತೂಕವಿರುತ್ತದೆ.

ಬೆಟ್ ಕಟ್ಟಲು ಸರಿಯಾದ ಕಾರಣ ಯಾವುದು? ನಾನು ಮುಂದಿದ್ದೇನೆ ಅನ್ನಿಸಿದರೆ ಸಾಲದೇ?

ಸಾಲದು. ನೀವು ಮುಂದಿರಬಹುದು, ಆದರೆ ನಿಮ್ಮ ಬೆಟ್‌ಗೆ ನಿಮಗಿಂತ ಒಳ್ಳೆಯ ಕೈಗಳು ಮಾತ್ರ ಕಾಲ್ ಮಾಡಿ ಉಳಿದವೆಲ್ಲ ಫೋಲ್ಡ್ ಆಗುವುದಾದರೆ ಆ ಬೆಟ್‌ನಿಂದ ಬಂದದ್ದೇನು? ನಿಮಗಿಂತ ಕೆಳಗಿನ ಕೈಗಳು ಕಾಲ್ ಮಾಡಬೇಕು, ಇಲ್ಲವೇ ಮೇಲಿನ ಕೈಗಳು ಫೋಲ್ಡ್ ಆಗಬೇಕು, ಇಲ್ಲವೇ ರಿವರ್‌ನಲ್ಲಿ ನಿಮ್ಮನ್ನು ದಾಟಬಲ್ಲ ಕೈಗಳು ಜಾಗ ಖಾಲಿ ಮಾಡಬೇಕು. ಮೂರರಲ್ಲಿ ಒಂದಾದರೂ ಸಾಕಷ್ಟು ಬಾರಿ ನಡೆಯುವಂತಿರಬೇಕು.

ಇಷ್ಟೂ ಆದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ, ಬಹಳ ಜನ ಮರೆಯುವುದು ಅದನ್ನೇ: ಚೆಕ್ ಮಾಡಿದ್ದರೆ ಎಷ್ಟು ಬರುತ್ತಿತ್ತು? ಬೆಟ್ ಲಾಭದ್ದೇ ಇರಬಹುದು, ಚೆಕ್ ಅದಕ್ಕಿಂತ ಲಾಭದ್ದಾಗಿರಬಹುದು. ಬೆಟ್ ಅನ್ನು ಸೊನ್ನೆಯ ಜೊತೆ ಹೋಲಿಸುವುದು ಟರ್ನ್‌ನ ಅತಿ ಸಾಮಾನ್ಯ ತಪ್ಪು. ಹೋಲಿಸಬೇಕಾದದ್ದು ಚೆಕ್ ಜೊತೆ.

ನನ್ನ ಕೈ ಎಲ್ಲಿ ನಿಂತಿದೆ ಎಂದು ತಿಳಿಯಲು ಒಂದು ಬೆಟ್ ಹಾಕಿ ನೋಡುತ್ತೇನೆ. ತಪ್ಪೇ?

ತಪ್ಪು. ಎದುರಾಳಿ ರೈಸ್ ಮಾಡಿದರೆ ನೀವು ಹಿಂದಿದ್ದೀರೆಂದು ತಿಳಿಯುತ್ತದೆ ನಿಜ, ಆ ಮಾಹಿತಿಗೆ ಪಾಟ್‌ನ ಅರ್ಧವನ್ನೋ ಮುಕ್ಕಾಲನ್ನೋ ತೆತ್ತಿರುತ್ತೀರಿ. ಕಾಲ್ ಮಾಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಚೆಕ್ ಮಾಡಿ ಅವನು ಏನು ಮಾಡುತ್ತಾನೆಂದು ನೋಡಿದರೂ ಮಾಹಿತಿ ಸಿಗುತ್ತದೆ, ಅದೂ ಅಗ್ಗಕ್ಕೆ.

ಫ್ಲಾಪ್‌ನಲ್ಲಿ ಬೆಟ್ ಕಟ್ಟಿದ್ದೆ, ಕಾಲ್ ಆಯಿತು. ಈಗ ಚೆಕ್ ಮಾಡಿದರೆ ಹೆದರಿದೆ ಎಂದು ನಾನೇ ಸಾರಿದಂತಾಗುವುದಿಲ್ಲವೇ?

ನಿಮ್ಮ ದುರ್ಬಲ ಕೈಗಳನ್ನು ಮಾತ್ರ ಚೆಕ್ ಮಾಡುವ ಅಭ್ಯಾಸವಿದ್ದರೆ ಹೌದು. ಅದಕ್ಕೆ ಮದ್ದು ಎಲ್ಲ ಕೈಗಳಲ್ಲೂ ಬೆಟ್ ಕಟ್ಟುತ್ತಾ ಹೋಗುವುದಲ್ಲ, ಕೆಲವು ಒಳ್ಳೆಯ ಕೈಗಳನ್ನೂ ಚೆಕ್ ಮಾಡುವುದು.

ಫ್ಲಾಪ್‌ನಲ್ಲಿ ಕಾಲ್ ಮಾಡಿದವನ ಕೈಗಳು ಸೋಸಿ ಉಳಿದವು ಎಂಬುದನ್ನೂ ನೆನಪಿಡಿ. ಏನೂ ಇಲ್ಲದವರು ಆಗಲೇ ಹೋಗಿಯಾಗಿದೆ. ಫ್ಲಾಪ್‌ನಲ್ಲಿ ಹತ್ತರಲ್ಲಿ ಏಳು ಬಾರಿ ಬೆಟ್ ಕಟ್ಟಿದ್ದು ಸರಿಯಿದ್ದರೂ ಟರ್ನ್‌ನಲ್ಲಿ ಅಷ್ಟೇ ಬಾರಿ ಕಟ್ಟಬೇಕೆಂದೇನಿಲ್ಲ. ಮಾನ ಉಳಿಸಿಕೊಳ್ಳಲು ಕಟ್ಟಿದ ಬೆಟ್‌ಗೆ ಮಾನವೂ ಉಳಿಯುವುದಿಲ್ಲ, ಚಿಪ್‌ಗಳೂ ಉಳಿಯುವುದಿಲ್ಲ.

ಕೊನೆಯಲ್ಲಿ ಮಾತಾಡುವ ಸರದಿ ನನ್ನದಾದರೆ ನಿರ್ಧಾರ ಬದಲಾಗುತ್ತದೆಯೇ?

ಬಹಳಷ್ಟು. ನಿಮ್ಮದು ಕೊನೆಯ ಸರದಿಯಾಗಿದ್ದರೆ ನಿಮ್ಮ ಚೆಕ್‌ನೊಂದಿಗೆ ಆ ಸುತ್ತು ಮುಗಿಯುತ್ತದೆ, ರಿವರ್ ಪುಕ್ಕಟೆ ಸಿಗುವುದು ಖಚಿತ. ಮೊದಲ ಸರದಿ ನಿಮ್ಮದಾಗಿದ್ದರೆ ಚೆಕ್ ಬರೀ ವಿನಂತಿ: ಎದುರಾಳಿ ಚೆಕ್ ಮಾಡಬಹುದು, ಬೆಟ್ ಕಟ್ಟಿ ನಿಮ್ಮನ್ನೇ ಕಷ್ಟಕ್ಕೆ ತಳ್ಳಬಹುದು. ಮುಂದಿನ ಲೆಕ್ಕಗಳಲ್ಲಿ ಚೆಕ್‌ಗೆ ಕಟ್ಟುವ ಬೆಲೆಯೆಲ್ಲ ಕೊನೆಯ ಸರದಿಯವನಿಗೆ ಪೂರ್ತಿಯಾಗಿ ಅನ್ವಯಿಸುತ್ತದೆ. ಮೊದಲ ಸರದಿಯವನು ಅದರಲ್ಲಿ ಸ್ವಲ್ಪ ಕಡಿತ ಮಾಡಿಕೊಳ್ಳಬೇಕು.

## ಲೆಕ್ಕ ಶುರುವಾಗುವ ಜಾಗ

ಟರ್ನ್ ಎಲೆ ನನಗೆ ಒಳ್ಳೆಯದೋ ಎದುರಾಳಿಗೆ ಒಳ್ಳೆಯದೋ ಎಂದು ಹೇಗೆ ಗುರುತಿಸಲಿ?

ನಿಮ್ಮ ಕೈಯ ಎರಡು ಎಲೆಗಳನ್ನು ಒಂದು ಕ್ಷಣ ಮರೆತು, ಇಲ್ಲಿಯವರೆಗೆ ಹೀಗೆ ಆಡಿದ ಇಬ್ಬರ ಕೈಯಲ್ಲೂ ಏನೇನಿರಬಹುದು ಎಂದು ಯೋಚಿಸಿ.

ನೀವು ಮೊದಲು ರೈಸ್ ಮಾಡಿದಿರಿ, ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಕಡ್ಡಾಯ ಬೆಟ್ ಹಾಕಿದವನು) ಕಾಲ್ ಮಾಡಿದ. ಫ್ಲಾಪ್ 9-6-3, ಮೂರೂ ಬೇರೆ ಬೇರೆ ಜಾತಿ. ನೀವು ಬೆಟ್ ಕಟ್ಟಿದಿರಿ, ಅವನು ಕಾಲ್ ಮಾಡಿದ. ಟರ್ನ್‌ನಲ್ಲಿ ಎಕ್ಕ ಬಿತ್ತು ಎನ್ನಿ. ಎಕ್ಕ-ರಾಜ, ಎಕ್ಕ-ರಾಣಿಗಳು ನಿಮ್ಮ ಬಳಿ ಧಾರಾಳವಾಗಿ ಇರಬಹುದು. ಅವನು ಅಂಥ ಕೈಗಳಲ್ಲಿ ಹೆಚ್ಚಿನವನ್ನು ಮೊದಲೇ ಮರುರೈಸ್ ಮಾಡಿರುತ್ತಿದ್ದ. ಅವನಲ್ಲಿ ಉಳಿದಿರುವುದು ಒಂಬತ್ತರ ಜೋಡಿ, ಆರರ ಜೋಡಿ, 8-7ರಂಥ ಡ್ರಾಗಳು. ಈ ಎಕ್ಕ ನಿಮ್ಮದು. ಕೈಯಲ್ಲಿ ಎಕ್ಕ ಇಲ್ಲದಿದ್ದರೂ ಬೆಟ್ ಕಟ್ಟಲು ಇದು ಒಳ್ಳೆಯ ಸಮಯ.

ಅದೇ ಜಾಗದಲ್ಲಿ ಏಳು ಬಿದ್ದರೆ ಚಿತ್ರ ತಿರುಗುತ್ತದೆ. 10-8 ಮತ್ತು 8-5 ಹಿಡಿದವರಿಗೆ ಸ್ಟ್ರೈಟ್ ಆಯಿತು, 9-7 ಮತ್ತು 7-6 ಎರಡು ಜೋಡಿಯಾದವು. ಇಂಥ ಕೈಗಳನ್ನು ಬ್ಲೈಂಡ್‌ನಿಂದ ಅಗ್ಗದ ಬೆಲೆಗೆ ಕಾಲ್ ಮಾಡುವವನು ಅವನು, ನೀವಲ್ಲ. ಕೈಯಲ್ಲಿ ರಾಣಿಯರ ಜೋಡಿ ಇದ್ದರೂ ಇಲ್ಲಿ ಕೈ ಬಿಗಿ ಹಿಡಿಯುವುದು ಲೇಸು. ಎರಡು ಬಿದ್ದರೆ? 5-4 ಹಿಡಿದ ಒಬ್ಬ ಅದೃಷ್ಟವಂತನನ್ನು ಬಿಟ್ಟರೆ ಯಾರಿಗೂ ಏನೂ ಬದಲಾಗಿಲ್ಲ; ಫ್ಲಾಪ್‌ನಲ್ಲಿ ಮುಂದಿದ್ದವರು ಈಗಲೂ ಮುಂದೆಯೇ ಇದ್ದಾರೆ.

ಫ್ಲಷ್ ಡ್ರಾ ಇದೆ. ಬೆಟ್ ಕಟ್ಟಿ ಓಡಿಸಲು ನೋಡಲೋ, ಪುಕ್ಕಟೆ ಎಲೆ ತೆಗೆದುಕೊಳ್ಳಲೋ?

ಇದಕ್ಕೆ ಲೆಕ್ಕ ಹಾಕಿಯೇ ಉತ್ತರಿಸಬೇಕು. ಪಾಟ್ 100. ಮೇಜಿನ ಮೇಲೆ ಎಕ್ಕ-8-4-2, ಅದರಲ್ಲಿ ಎರಡು ಆಟಿನ್. ನಿಮ್ಮ ಕೈಯಲ್ಲಿ ಆಟಿನ್ ಗುಲಾಮ ಮತ್ತು ಹತ್ತು. ಕೊನೆಯ ಸರದಿ ನಿಮ್ಮದು, ಎದುರಾಳಿ ಚೆಕ್ ಮಾಡಿದ್ದಾನೆ. 70 ಕಟ್ಟುವ ಯೋಚನೆ ನಿಮ್ಮದು. ಲೆಕ್ಕ ಸುಲಭವಾಗಲೆಂದು ರಿವರ್‌ನಲ್ಲಿ ಯಾರೂ ಬೆಟ್ ಕಟ್ಟುವುದಿಲ್ಲ ಎಂದುಕೊಳ್ಳೋಣ.

ಅವನು ಕಾಲ್ ಮಾಡಿದರೆ ಶೇ. 19.6 ಬಾರಿ ನಿಮಗೆ 170 ಬರುತ್ತದೆ, ಉಳಿದ ಬಾರಿ 70 ಹೋಗುತ್ತದೆ. ಸರಾಸರಿ ನಷ್ಟ 23. ಅವನು ಫೋಲ್ಡ್ ಮಾಡಿದರೆ 100 ಬರುತ್ತದೆ. ಇಷ್ಟರಿಂದ ನೋಡಿದರೆ ಅವನು ನೂರರಲ್ಲಿ 19 ಬಾರಿ ಫೋಲ್ಡ್ ಮಾಡಿದರೂ ಬೆಟ್ ನಷ್ಟವಲ್ಲ. ಎಷ್ಟೋ ಜನ ಇಲ್ಲಿಗೇ ಲೆಕ್ಕ ಮುಗಿಸಿ ಚಿಪ್‌ಗಳನ್ನು ಮುಂದೆ ತಳ್ಳುತ್ತಾರೆ.

ಆದರೆ ಚೆಕ್ ಮಾಡಿದ್ದರೆ ಏನೂ ಖರ್ಚಿಲ್ಲದೆ ಅದೇ ಶೇ. 19.6 ಬಾರಿ ಈ 100 ನಿಮ್ಮದಾಗುತ್ತಿತ್ತು, ಅಂದರೆ ಚೆಕ್‌ನ ಬೆಲೆ ಸುಮಾರು 20. ಬೆಟ್ ಅದನ್ನು ಮೀರಬೇಕಾದರೆ ಅವನು ನೂರರಲ್ಲಿ ಸುಮಾರು 35 ಬಾರಿ ಫೋಲ್ಡ್ ಮಾಡಬೇಕು. ಕೈಯಲ್ಲಿ ಏನೂ ಇಲ್ಲದ ಬರೀ ಬ್ಲಫ್‌ಗೆ ಬೇಕಾದದ್ದು 41. ಡ್ರಾ ಇದೆಯೆಂಬ ಧೈರ್ಯ ನಿಮಗೆ ಕೊಡುವ ರಿಯಾಯಿತಿ ಅಷ್ಟೇ, 41ರಿಂದ 35ಕ್ಕೆ.

ನಿಜವಾದ ಆಟದಲ್ಲಿ ಇನ್ನೆರಡು ಅಂಶಗಳು ಎದುರು ಬದುರು ಎಳೆಯುತ್ತವೆ. ಬೆಟ್ ಕಟ್ಟಿದ ಮೇಲೆ ಫ್ಲಷ್ ಕೂಡಿದರೆ ದೊಡ್ಡ ಪಾಟ್‌ನಲ್ಲಿ ಇನ್ನೊಂದು ದೊಡ್ಡ ಬೆಟ್ ಗೆಲ್ಲಬಹುದು. ಇದು ಬೆಟ್ ಪರ. ಎದುರಾಳಿ ರೈಸ್ ಮಾಡಿ ನಿಮ್ಮನ್ನು ಓಡಿಸಿದರೆ ಕೈಯಲ್ಲಿದ್ದ ಆ 20 ಕೂಡ ಹೋಗುತ್ತದೆ. ಇದು ಚೆಕ್ ಪರ. ಎದುರಿಗಿರುವವನು ಚೆಕ್-ರೈಸ್ (ಮೊದಲು ಚೆಕ್ ಮಾಡಿ, ನೀವು ಬೆಟ್ ಕಟ್ಟಿದ ಮೇಲೆ ರೈಸ್ ಮಾಡುವುದು) ಪ್ರಿಯನಾದರೆ ಪುಕ್ಕಟೆ ಎಲೆಯನ್ನು ಸುಮ್ಮನೆ ತೆಗೆದುಕೊಳ್ಳಿ.

ಒಳ್ಳೆಯ ಜೋಡಿ ಇದೆ, ಆದರೆ ಅಷ್ಟೇನೂ ದೊಡ್ಡ ಕೈಯಲ್ಲ. ಪುಕ್ಕಟೆ ಎಲೆ ಕೊಡಲು ಭಯ, ಬೆಟ್ ಕಟ್ಟಲೂ ಭಯ.

ಎರಡು ಭಯಗಳಲ್ಲಿ ಯಾವುದು ನಿಜ ಎಂದು ಎಲೆ ಎಣಿಸಿದರೆ ಗೊತ್ತಾಗುತ್ತದೆ.

ಕೈಯಲ್ಲಿ ರಾಜರ ಜೋಡಿ, ಮೇಜಿನ ಮೇಲೆ ಎಕ್ಕ-7-2-9, ಎಲ್ಲ ಬೇರೆ ಜಾತಿ. ಎದುರಾಳಿಯ ಬಳಿ 7-6 ಇದ್ದರೆ ಅವನನ್ನು ಕಾಪಾಡುವ ಎಲೆಗಳು ಐದು: ಎರಡು ಏಳು, ಮೂರು ಆರು. ಇಬ್ಬರ ಕೈಯೂ ಗೊತ್ತಿದ್ದರೆ ಉಳಿದ ಎಲೆ 44, ಆದ್ದರಿಂದ ಶೇ. 11.4. ಅವನ ಬಳಿ ಎಕ್ಕ ಇದ್ದರೆ ನಿಮ್ಮನ್ನು ಕಾಪಾಡುವುದು ಎರಡೇ ರಾಜ, ಶೇ. 4.5. ಮುಂದಿದ್ದರೆ ಬಹಳ ಮುಂದೆ, ಹಿಂದಿದ್ದರೆ ಬಹಳ ಹಿಂದೆ. ಬೆಟ್ ಕಟ್ಟಿದರೆ ಏಳು ಹಿಡಿದವರು ಹೋಗುತ್ತಾರೆ, ಎಕ್ಕ ಹಿಡಿದವರು ಉಳಿಯುತ್ತಾರೆ. ಚೆಕ್ ಮಾಡಿ.

ಈಗ ಇನ್ನೊಂದು. ನಿಮ್ಮ ಬಳಿ ಇಸ್ಪೀಟು ಹತ್ತು ಮತ್ತು ಕಳಾವರ್ ಹತ್ತು. ಮೇಜಿನ ಮೇಲೆ 8-6-3-2, ಎರಡು ಆಟಿನ್. ಎದುರಾಳಿಯ ಬಳಿ ಆಟಿನ್ ರಾಜ-ರಾಣಿ ಇದ್ದರೆ ಅವನಿಗೆ ಒಂಬತ್ತು ಆಟಿನ್, ಮೂರು ರಾಜ, ಮೂರು ರಾಣಿ: 44ರಲ್ಲಿ 15, ಶೇ. 34. ಚೆಕ್ ಮಾಡುವುದೆಂದರೆ ಪಾಟ್‌ನ ಮೂರರಲ್ಲೊಂದು ಪಾಲನ್ನು ಕೈಯೆತ್ತಿ ಕೊಟ್ಟಂತೆ. ಅದರ ಜೊತೆಗೆ ಎಂಟರ ಜೋಡಿ, ಒಂಬತ್ತುಗಳ ಜೋಡಿ, ಏಳುಗಳ ಜೋಡಿ ಹಿಡಿದವರು ಸಂತೋಷವಾಗಿ ಕಾಲ್ ಮಾಡುತ್ತಾರೆ. ರಾಜರ ಜೋಡಿಗಿಂತ ಹತ್ತರ ಜೋಡಿ ಚಿಕ್ಕದು, ಆದರೂ ಇಲ್ಲಿ ಬೆಟ್ ಕಟ್ಟಬೇಕು. ಕೈ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದಕ್ಕೆ ರಕ್ಷಣೆ ಎಷ್ಟು ಬೇಕು, ಕೆಳಗಿನಿಂದ ಎಷ್ಟು ಕೈಗಳು ಹಣ ಕೊಡುತ್ತವೆ ಎನ್ನುವುದು ಮುಖ್ಯ.

ಚೆಕ್ ಮಾಡಿದೆ, ರಿವರ್‌ನಲ್ಲಿ ಅವನೇ ಬೆಟ್ ಕಟ್ಟಿದ. ಈಗ ಫೋಲ್ಡ್ ಮಾಡುವುದಾದರೆ ಟರ್ನ್‌ನಲ್ಲಿ ಚೆಕ್ ಯಾಕೆ ಮಾಡಿದೆ?

ಮಧ್ಯಮ ಕೈಯಲ್ಲಿ ಚೆಕ್ ಮಾಡಿದವರು ರಿವರ್‌ನಲ್ಲಿ ಸಾಕಷ್ಟು ಬಾರಿ ಕಾಲ್ ಮಾಡಲು ಸಿದ್ಧರಿರಬೇಕು. ನಿಮ್ಮ ಚೆಕ್ ನೋಡಿ ಅವನು ಬ್ಲಫ್‌ಗೆ ಇಳಿಯುತ್ತಾನೆ, ಚೆಕ್‌ನ ಲಾಭದ ಅರ್ಧ ಬರುವುದೇ ಅಲ್ಲಿಂದ. ಅವನು ಅರ್ಧ ಪಾಟ್ ಕಟ್ಟಿದರೆ ನಿಮ್ಮ ಕಾಲ್ ನಾಲ್ಕರಲ್ಲಿ ಒಂದು ಬಾರಿ ಗೆದ್ದರೆ ಸಾಕು, ಪೂರ್ತಿ ಪಾಟ್ ಕಟ್ಟಿದರೆ ಮೂರರಲ್ಲಿ ಒಂದು ಬಾರಿ. ಎಂದೂ ಬ್ಲಫ್ ಮಾಡದ ಮನುಷ್ಯ ಎದುರಿಗಿದ್ದರೆ ಮಾತ್ರ ಧೈರ್ಯವಾಗಿ ಫೋಲ್ಡ್ ಮಾಡಿ.

ಬೆಟ್ ಕಟ್ಟುವುದೆಂದು ತೀರ್ಮಾನವಾಯಿತು. ಎಷ್ಟು ಕಟ್ಟಲಿ?

ಡ್ರಾಗಳಿಂದ ಶುರು ಮಾಡಿ. ಪಾಟ್‌ನ ಮೂರರಲ್ಲೊಂದು ಭಾಗ ಕಟ್ಟಿದರೆ ಕಾಲ್ ಮಾಡುವವನಿಗೆ ಶೇ. 20 ಗೆಲುವು ಬೇಕು, ಫ್ಲಷ್ ಡ್ರಾ ಬಳಿ ಶೇ. 19.6 ಇದೆ. ರಿವರ್‌ನಲ್ಲಿ ಸಿಗಬಹುದಾದ್ದನ್ನು ಸೇರಿಸಿದರೆ ಅವನು ನಗುತ್ತಾ ಕಾಲ್ ಮಾಡುತ್ತಾನೆ. ಅರ್ಧ ಪಾಟ್‌ಗೆ ಶೇ. 25 ಬೇಕು, ಮೂರರಲ್ಲೆರಡು ಭಾಗಕ್ಕೆ ಶೇ. 28.6. ಮೇಜಿನ ಮೇಲೆ ಡ್ರಾಗಳು ತುಂಬಿರುವಾಗ ಟರ್ನ್‌ನ ಬೆಟ್ ಅರ್ಧ ಪಾಟ್‌ಗಿಂತ ಕೆಳಗಿಳಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಎರಡನೆಯದಾಗಿ ಕೈಯಲ್ಲಿ ಉಳಿದ ಚಿಪ್‌ಗಳನ್ನು ನೋಡಿ. ಪಾಟ್ 100, ಉಳಿದದ್ದು 400 ಆಗಿದ್ದರೆ ಟರ್ನ್‌ನಲ್ಲಿ 100, ರಿವರ್‌ನಲ್ಲಿ 300, ಎರಡೂ ಪಾಟ್‌ನಷ್ಟೇ ದೊಡ್ಡ ಬೆಟ್‌ಗಳಾಗಿ ಎಲ್ಲವೂ ಒಳಗೆ ಹೋಗುತ್ತದೆ. ಎರಡೂ ಸುತ್ತಿನಲ್ಲಿ ಅರ್ಧ ಪಾಟ್ ಕಟ್ಟಿದರೆ 50 ಮತ್ತು 100, ಒಟ್ಟು ಹೋಗುವುದು 150 ಮಾತ್ರ. ಮೇಜಿನ ಮೇಲಿನ ಅತ್ಯುತ್ತಮ ಕೈ ಹಿಡಿದು 150 ಗೆದ್ದು ಎದ್ದು ಬಂದವರು ಟರ್ನ್‌ನಲ್ಲೇ ಸೋತಿದ್ದಾರೆ.

ಸೆಟ್ (ಕೈಯ ಜೋಡಿಗೆ ಮೇಜಿನ ಮೇಲೆ ಅದೇ ಎಲೆಯ ಮೂರನೆಯದು) ಸಿಕ್ಕಿದೆ. ಟರ್ನ್‌ನಲ್ಲಿ ಚೆಕ್ ಮಾಡಿ ಬಲೆ ಬೀಸಲೇ?

ಸಾಮಾನ್ಯವಾಗಿ ಬೇಡ. ಅದೇ 100ರ ಪಾಟ್, 400 ಚಿಪ್‌ಗಳಲ್ಲಿ ಟರ್ನ್ ಚೆಕ್ ಆಗಿಹೋದರೆ ರಿವರ್‌ನಲ್ಲಿ ಎಲ್ಲವನ್ನೂ ಒಳಗೆ ಹಾಕಲು ಪಾಟ್‌ನ ನಾಲ್ಕು ಪಟ್ಟು ಕಟ್ಟಬೇಕಾಗುತ್ತದೆ, ಅದಕ್ಕೆ ಕಾಲ್ ಮಾಡುವವರು ಅಪರೂಪ. ಎದುರಾಳಿ ತಾನೇ ಆಕ್ರಮಣಕ್ಕೆ ಇಳಿಯುವವನಾದರೆ, ಅಥವಾ ಎಕ್ಕಗಳ ಸೆಟ್ ಹಿಡಿದು ಒಣ (ಡ್ರಾಗಳಿಲ್ಲದ) ಮೇಜಿನಲ್ಲಿ ಅವನಿಗೆ ಕಾಲ್ ಮಾಡಲು ಏನೂ ಉಳಿಸಿಲ್ಲದಿದ್ದರೆ ಚೆಕ್ ಸರಿ.

ಮೂರ್ನಾಲ್ಕು ಜನ ಪಾಟ್‌ನಲ್ಲಿದ್ದರೆ?

ಬ್ಲಫ್ ಮರೆತುಬಿಡಿ. ಒಬ್ಬೊಬ್ಬರೂ ಅರ್ಧದಷ್ಟು ಬಾರಿ ಫೋಲ್ಡ್ ಮಾಡುವವರಾದರೂ ಮೂವರೂ ಒಟ್ಟಿಗೆ ಫೋಲ್ಡ್ ಮಾಡುವುದು ಎಂಟರಲ್ಲಿ ಒಂದು ಬಾರಿ.

## ಇನ್ನಷ್ಟು ಆಳಕ್ಕೆ

ಟರ್ನ್‌ನಲ್ಲಿ ಬೆಟ್ ಕಟ್ಟಿದೆ, ಚೆಕ್-ರೈಸ್ ಬಂತು. ಡ್ರಾ ಇದೆ. ಏನು ಮಾಡಲಿ?

ಪಾಟ್ 100ಕ್ಕೆ ನೀವು 60 ಕಟ್ಟಿದಿರಿ, ಅವನು 180ಕ್ಕೆ ಏರಿಸಿದ. ಇನ್ನೂ 120 ಹಾಕಿದರೆ 340 ಗೆಲ್ಲಬಹುದು, ಅದಕ್ಕೆ ಶೇ. 26 ಗೆಲುವು ಬೇಕು. ಫ್ಲಷ್ ಡ್ರಾ ಅಷ್ಟು ಕೊಡುವುದಿಲ್ಲ. ಕಾಲ್ ಸಮರ್ಥನೀಯವಾಗಬೇಕಾದರೆ ಫ್ಲಷ್ ಕೂಡಿದಾಗಲೆಲ್ಲ ರಿವರ್‌ನಲ್ಲಿ ಸರಾಸರಿ ಇನ್ನೂ 150ರಷ್ಟು ಸಿಗಬೇಕು. ಅವನ ಬಳಿ 80 ಮಾತ್ರ ಉಳಿದಿದ್ದರೆ ಆ ಮಾತೇ ಇಲ್ಲ. 500 ಇದ್ದು, ಅವನು ಎರಡು ಜೋಡಿಯನ್ನೂ ಸೆಟ್ ಅನ್ನೂ ಕೈಬಿಡದ ಸ್ವಭಾವದವನಾದರೆ ಕಾಲ್ ಮಾಡಬಹುದು. ಒಂದೇ ಜೋಡಿ ಹಿಡಿದವರಿಗೆ ನನ್ನ ಸಲಹೆ ನೇರ: ಗೆಳೆಯರ ನಡುವಿನ ಸಣ್ಣ ಆಟಗಳಲ್ಲಿ ಟರ್ನ್‌ನ ಚೆಕ್-ರೈಸ್ ಬ್ಲಫ್ ಆಗಿರುವುದು ಅಪರೂಪ, ಬಿಟ್ಟುಬಿಡಿ.

ನನ್ನ ಬಳಿ ಪಾಟ್‌ಗಿಂತ ಸ್ವಲ್ಪವೇ ಹೆಚ್ಚು ಚಿಪ್ಸ್ ಉಳಿದಿವೆ. ಅರ್ಧ ಕಟ್ಟಿ ನೋಡಬಹುದೇ?

ಪಾಟ್ 100, ಉಳಿದದ್ದು 120, ಕೈಯಲ್ಲಿ ಫ್ಲಷ್ ಡ್ರಾ ಎನ್ನಿ. 60 ಕಟ್ಟಿದಿರಿ, ಅವನು ನಿಮ್ಮ 120ಕ್ಕೂ ಸಾಲುವಂತೆ ಆಲ್-ಇನ್ ಮಾಡಿದ. ಈಗ 60 ಹಾಕಿದರೆ 280 ಸಿಗುವ ಸ್ಥಿತಿ, ಬೇಕಾದದ್ದು ಶೇ. 17.6, ಇರುವುದು ಶೇ. 19.6. ಫೋಲ್ಡ್ ಮಾಡಲಾಗದು. ಅಂದರೆ 60 ಕಟ್ಟಿದಾಗಲೇ 120 ಕಟ್ಟಿದ್ದಿರಿ, ಆದರೆ 120 ನೋಡಿ ಫೋಲ್ಡ್ ಮಾಡಬಹುದಾಗಿದ್ದವನಿಗೆ ಆ ಅವಕಾಶ ಕೊಡಲಿಲ್ಲ. ಇಂಥಲ್ಲಿ ಒಂದೋ ಎಲ್ಲವನ್ನೂ ತಳ್ಳಿ, ಇಲ್ಲವೇ ಚೆಕ್ ಮಾಡಿ.

ಟೂರ್ನಮೆಂಟ್‌ನಲ್ಲೂ ಇದೇ ಲೆಕ್ಕವೇ?

ಚಿಪ್‌ಗಳ ಲೆಕ್ಕ ಇದೇ, ಅವುಗಳ ಬೆಲೆ ಬೇರೆ. ಬಹುಮಾನದ ಗೆರೆಯ ಹತ್ತಿರ ಕಳೆದುಕೊಳ್ಳುವ ಚಿಪ್‌ಗೆ ಗೆಲ್ಲುವ ಚಿಪ್‌ಗಿಂತ ಬೆಲೆ ಹೆಚ್ಚು. ಆದ್ದರಿಂದ ನಿಮ್ಮನ್ನು ಹೊರಹಾಕಬಲ್ಲ ದೊಡ್ಡ ರಾಶಿಯವನ ಎದುರು ಮಧ್ಯಮ ಕೈಯ ಚೆಕ್ ಹೆಚ್ಚಬೇಕು. ಆ ದೊಡ್ಡ ರಾಶಿ ನಿಮ್ಮದೇ ಆಗಿದ್ದರೆ ಬೆಟ್ ಹೆಚ್ಚಬೇಕು.

ಫ್ಲಾಪ್‌ನಲ್ಲಿ ಕಾಲ್ ಮಾಡಿದವನು ನಾನು. ಟರ್ನ್‌ನಲ್ಲಿ ಅವನಿಗೆ ಚೆಕ್ ಮಾಡದೆ ನಾನೇ ಬೆಟ್ ಕಟ್ಟುವುದು ಹೊಸಬರ ಲಕ್ಷಣವಂತೆ, ಹೌದೇ?

ಹಾಗೆಂಬ ನಂಬಿಕೆ ಹಳೆಯದು. 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್ ಸಂಶೋಧಕರ ಪ್ಲುರಿಬಸ್ ಎಂಬ ಕಂಪ್ಯೂಟರ್ ಕಾರ್ಯಕ್ರಮ ಆರು ಜನರ ಆಟದಲ್ಲಿ ವೃತ್ತಿಪರರನ್ನು ಸೋಲಿಸಿದಾಗ, ಅದು ಇಂಥ ಬೆಟ್‌ಗಳನ್ನು ಮನುಷ್ಯರಿಗಿಂತ ಹೆಚ್ಚಾಗಿ ಬಳಸಿತ್ತು. ಎಲ್ಲ ಕಡೆ ಅಲ್ಲ. 9-6-3ರ ಮೇಲೆ ಏಳು ಬಿದ್ದಂಥ ಟರ್ನ್‌ನಲ್ಲಿ, ಎಲೆ ಸ್ಪಷ್ಟವಾಗಿ ಕಾಲ್ ಮಾಡಿದವನ ಪರವಾಗಿದ್ದು ಎದುರಾಳಿ ಹೆದರಿ ಚೆಕ್ ಮಾಡುವ ಸಂಭವವಿರುವಾಗ, ಅವನಿಗೆ ಪುಕ್ಕಟೆ ರಿವರ್ ಏಕೆ ಕೊಡಬೇಕು?

ಟರ್ನ್‌ನಲ್ಲಿ ಒಳ್ಳೆಯ ಕೈಗಳಿಗಿಂತ ಬ್ಲಫ್‌ಗಳೇ ಹೆಚ್ಚಿರಬಹುದು ಎಂದು ಓದಿದೆ. ಸಾಧ್ಯವೇ?

ಸಾಧ್ಯ. ಎರಡೂ ಸುತ್ತಿನಲ್ಲಿ ಪಾಟ್‌ನಷ್ಟೇ ಬೆಟ್ ಕಟ್ಟುತ್ತೀರಿ, ಒಳ್ಳೆಯ ಕೈ ಯಾವಾಗಲೂ ಗೆಲ್ಲುತ್ತದೆ, ಬ್ಲಫ್ ಎಂದೂ ಸುಧಾರಿಸುವುದಿಲ್ಲ ಎಂಬ ಸರಳ ಮಾದರಿ ತೆಗೆದುಕೊಳ್ಳಿ. ಎದುರಾಳಿಗೆ ಕಾಲ್, ಫೋಲ್ಡ್ ಎರಡೂ ಒಂದೇ ಆಗಬೇಕಾದರೆ ರಿವರ್ ಬೆಟ್‌ಗಳಲ್ಲಿ ಮೂರರಲ್ಲೆರಡು ಒಳ್ಳೆಯ ಕೈ ಇರಬೇಕು. ಟರ್ನ್‌ನಲ್ಲಿ ಬೆಟ್ ಕಟ್ಟಿದ ಕೈಗಳಲ್ಲಿ ಮೂರರಲ್ಲೆರಡು ಮಾತ್ರ ರಿವರ್‌ನಲ್ಲೂ ಬೆಟ್ ಮುಂದುವರಿಸುತ್ತವೆ, ಉಳಿದವು ಬ್ಲಫ್ ಕೈಬಿಟ್ಟವು. ಹೀಗೆ ಟರ್ನ್‌ನಲ್ಲಿ ಒಳ್ಳೆಯ ಕೈಗಳ ಪಾಲು ಒಂಬತ್ತರಲ್ಲಿ ನಾಲ್ಕು, ಬ್ಲಫ್‌ಗಳ ಪಾಲು ಒಂಬತ್ತರಲ್ಲಿ ಐದು.

ಇದು ಕೆಲಸ ಮಾಡುವುದು ರಿವರ್‌ನ ಬೆದರಿಕೆ ನಿಜವಾಗಿದ್ದಾಗ ಮಾತ್ರ. ಟರ್ನ್‌ನಲ್ಲಿ ಬ್ಲಫ್ ಮಾಡಿ ರಿವರ್‌ನಲ್ಲಿ ಎಂದೂ ಮುಂದುವರಿಸದವನನ್ನು ಎದುರಾಳಿ ಬೇಗ ಗುರುತಿಸುತ್ತಾನೆ. ಒಮ್ಮೆ ಕಾಲ್ ಮಾಡಿದರೆ ಸಾಕು, ಉಳಿದದ್ದು ತಾನಾಗಿಯೇ ಅವನಿಗೆ ಬರುತ್ತದೆ.

ಹಾಗಾದರೆ ಬ್ಲಫ್ ಮಾಡಲು ಯಾವ ಕೈಗಳನ್ನು ಆರಿಸಲಿ?

ಡ್ರಾಗಳ ನಂತರ, ಎದುರಾಳಿಯ ಒಳ್ಳೆಯ ಕೈಗಳನ್ನು ನಿಮ್ಮ ಕೈಯಲ್ಲೇ ಅಡಗಿಸಿಟ್ಟ ಎಲೆಗಳು. ಮೇಜಿನ ಮೇಲೆ ಮೂರು ಕಳಾವರ್ ಇದ್ದು ಕಳಾವರ್ ಎಕ್ಕ ಒಂಟಿಯಾಗಿ ನಿಮ್ಮ ಬಳಿ ಇದ್ದರೆ ಅತಿ ದೊಡ್ಡ ಫ್ಲಷ್ ಅವನ ಬಳಿ ಇರುವಂತಿಲ್ಲ, ಇನ್ನೊಂದು ಕಳಾವರ್ ಬಿದ್ದರೆ ಅದು ನಿಮ್ಮದೇ ಆಗುತ್ತದೆ. ಇಂಥ ಎಲೆಗಳನ್ನು ಬ್ಲಾಕರ್ ಎನ್ನುತ್ತಾರೆ. ಸಣ್ಣ ಜೋಡಿಯಂಥ, ಕೊನೆಯವರೆಗೆ ಹೋದರೆ ತಾನಾಗಿಯೇ ಗೆಲ್ಲಬಹುದಾದ ಕೈಯನ್ನು ಬ್ಲಫ್‌ಗೆ ವ್ಯರ್ಥ ಮಾಡಬೇಡಿ, ಅದರ ಚೆಕ್‌ಗೇ ಬೆಲೆಯಿದೆ.

ಸಾಲ್ವರ್‌ನಲ್ಲಿ (ಅತ್ಯುತ್ತಮ ಆಟ ಲೆಕ್ಕ ಹಾಕುವ ಕಂಪ್ಯೂಟರ್ ಕಾರ್ಯಕ್ರಮ) ಒಂದೇ ಕೈಗೆ ಶೇ. 55 ಬೆಟ್, ಶೇ. 45 ಚೆಕ್ ಎಂದು ಬರುತ್ತದೆ. ನಾನು ಯಾವುದನ್ನು ಮಾಡಲಿ?

ಎರಡರಲ್ಲಿ ಯಾವುದಾದರೂ. ಹಾಗೆ ಹಂಚಿಹೋದ ಕಡೆ ಎರಡರ ಲಾಭವೂ ಒಂದೇ ಆಗಿರುತ್ತದೆ; ಒಂದು ಹೆಚ್ಚು ಲಾಭದ್ದಾಗಿದ್ದರೆ ಸಾಲ್ವರ್ ಇನ್ನೊಂದನ್ನು ಬಿಟ್ಟುಬಿಡುತ್ತಿತ್ತು. ಕಾರ್ನೆಗಿ ಮೆಲನ್‌ನ ಇನ್ನೊಂದು ಕಾರ್ಯಕ್ರಮ ಲಿಬ್ರಾಟಸ್ 2017ರಲ್ಲಿ 1,20,000 ಕೈಗಳ ಪಂದ್ಯದಲ್ಲಿ ನಾಲ್ವರು ವೃತ್ತಿಪರರನ್ನು ಒಬ್ಬೊಬ್ಬರಾಗಿ ಎದುರಿಸಿ ಗೆದ್ದದ್ದು ಇಂಥ ಮಿಶ್ರ ಆಟದಿಂದಲೇ, ಪಾಟ್‌ಗಿಂತ ದೊಡ್ಡ ಬೆಟ್‌ಗಳನ್ನೂ ಹಿಂಜರಿಯದೆ ಬಳಸಿ. ಆದರೆ ಅದು ಎದುರಾಳಿಯೂ ತಪ್ಪಿಲ್ಲದೆ ಆಡುತ್ತಾನೆ ಎಂದುಕೊಂಡು ಹಾಕಿದ ಲೆಕ್ಕ. ನಿಮ್ಮ ಎದುರಿಗಿರುವವನು ಅತಿಯಾಗಿ ಕಾಲ್ ಮಾಡುವವನಾದರೆ ಆ ಸಮತೂಕ ಮುರಿಯುತ್ತದೆ: ಒಳ್ಳೆಯ ಕೈಯಲ್ಲಿ ನೂರಕ್ಕೆ ನೂರು ಬೆಟ್ ಕಟ್ಟಿ, ಬ್ಲಫ್ ಆಗಬಹುದಾದ ಕೈಯಲ್ಲಿ ನೂರಕ್ಕೆ ನೂರು ಚೆಕ್ ಮಾಡಿ. ಅತಿಯಾಗಿ ಫೋಲ್ಡ್ ಮಾಡುವವನಾದರೆ ಬ್ಲಫ್‌ಗಳನ್ನೆಲ್ಲ ಬೆಟ್‌ಗೆ ಇಳಿಸಿ, ಮಧ್ಯಮ ಕೈಗಳನ್ನು ಚೆಕ್‌ಗೆ ಬಿಡಿ.